ಗೇಮ್ ಮಾಸ್ಟರ್ ಬಚ್ಚಿಡಬೇಕಾದ್ದು, ಬಿಚ್ಚಿಡಬೇಕಾದ್ದು

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತ ಕಥೆ ಕಟ್ಟುವ ಆಟ ಟೇಬಲ್‌ಟಾಪ್ ಆರ್‌ಪಿಜಿ. ಊರು, ಕಾಡು, ರಾಕ್ಷಸರು, ಅಂಗಡಿಯವನಿಂದ ಹಿಡಿದು ಅರಸನ ತನಕ ಉಳಿದೆಲ್ಲವೂ ಒಬ್ಬರ ಕೈಯಲ್ಲಿ. ಅವರೇ ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಈ ಲೇಖನ ಅವರಿಗೆ. ಒಂದಷ್ಟು ಸೆಷನ್ ನಡೆಸಿ, ‘ಇದನ್ನು ಆಟಗಾರರಿಗೆ ಹೇಳಲಾ, ಬೇಡವಾ’ ಎಂದು ತಡವರಿಸಿದವರಿಗೆ.

ಗುಟ್ಟು ಈ ಆಟದ ಜೊತೆಗೇ ಹುಟ್ಟಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಹೊರತಂದಾಗ ನೆಲಮಾಳಿಗೆಯ ನಕ್ಷೆ ಇರುತ್ತಿದ್ದದ್ದು ಆಟ ನಡೆಸುವವರ ಹತ್ತಿರ ಮಾತ್ರ. ಆಟಗಾರರು ಅವರ ಬಾಯಿಂದ ಕೇಳಿ ತಮ್ಮ ನಕ್ಷೆ ತಾವೇ ಬರೆದುಕೊಳ್ಳಬೇಕಿತ್ತು. 1979ರಲ್ಲಿ ಬಂದ ಡಂಜನ್ ಮಾಸ್ಟರ್ (ಆ ಆಟದ ಜಿಎಂ) ಕೈಪಿಡಿಯನ್ನು ಆಟಗಾರರು ಮುಟ್ಟಲೇಬಾರದು ಎಂದು ಗೈಗ್ಯಾಕ್ಸ್ ಖಾರವಾಗಿಯೇ ಬರೆದಿದ್ದರು. 1984ರ ಪ್ಯಾರನಾಯಾ ಎಂಬ ಆಟದಲ್ಲಂತೂ ನಿಯಮ ಗೊತ್ತಿದೆ ಎಂದು ತೋರಿಸಿಕೊಂಡರೆ ಅದೇ ರಾಜದ್ರೋಹ!

ಕಾಲ ಬದಲಾಗಿದೆ. ಈಗ ಎಲ್ಲ ನಿಯಮಗಳೂ ಎಲ್ಲರ ಫೋನಿನಲ್ಲಿವೆ. ಆದರೂ ಏನನ್ನು ಮುಚ್ಚಿಡಬೇಕು ಎಂಬ ಪ್ರಶ್ನೆ ಉಳಿದಿದೆ. ನಾನು ನಂಬಿರುವುದು ಇಷ್ಟು: ಗುಟ್ಟು ಇರುವುದು ಆಟಗಾರರ ಕೈಗೆ ಸಿಗಲೆಂದು. ಸಿಗುವ ದಾರಿಯೇ ಇಲ್ಲದ ಗುಟ್ಟು ಎಷ್ಟೇ ಚೆಂದ ಇದ್ದರೂ ಆಟದ ಭಾಗ ಅಲ್ಲ. ಕೆಳಗಿನ ಎಲ್ಲ ಹಂತಗಳೂ ಇದರಿಂದಲೇ ಬಂದವು. ಉದಾಹರಣೆಗಳಿಗೆ ಡಿ ಅಂಡ್ ಡಿಯ 5ನೇ ಆವೃತ್ತಿಯ 2014ರ ನಿಯಮಗಳನ್ನು ಬಳಸಿದ್ದೇನೆ. ಜಾಸ್ತಿ ಜನರಿಗೆ ಪರಿಚಯ ಇರುವುದು ಅದೇ.

ಹಂತ 1: ಗುಟ್ಟುಗಳನ್ನು ಬೇರೆ ಬೇರೆ ಮಾಡಿ

ಒಂದು ನೋಟ್‌ಬುಕ್ಕಿನಲ್ಲಿ ನಿಮಗೆ ಗೊತ್ತಿದ್ದು ಆಟಗಾರರಿಗೆ ಗೊತ್ತಿಲ್ಲದ್ದನ್ನೆಲ್ಲ ಬರೆಯಿರಿ. ಅವು ತಾವಾಗಿಯೇ ಮೂರು ಗುಂಪಾಗುತ್ತವೆ. ಮೊದಲನೆಯದು ಕಥೆಯ ಗುಟ್ಟು: ಕೊಲೆ ಮಾಡಿದ್ದು ಯಾರು, ಆ ಬಾಗಿಲ ಹಿಂದೆ ಏನಿದೆ. ಎರಡನೆಯದು ಅಂಕಿಗಳ ಗುಟ್ಟು: ಶತ್ರುವಿನ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲ ಎಂಬ ಅಂಕಿ) ಎಷ್ಟು, ಬೀಗ ತೆರೆಯಲು ಡೈಸಿನಲ್ಲಿ ಎಷ್ಟು ಬೀಳಬೇಕು. ಮೂರನೆಯದು ನಿಮ್ಮ ಕೆಲಸದ ಗುಟ್ಟು: ಯಾವುದನ್ನು ಮೊದಲೇ ಯೋಚಿಸಿದ್ದಿರಿ, ಯಾವುದನ್ನು ನಿಂತ ನಿಲುವಿನಲ್ಲಿ ಹುಟ್ಟಿಸಿದಿರಿ.

ಕಥೆಯ ಗುಟ್ಟು ಒಂದೊಂದಕ್ಕೂ ಎರಡು ಪ್ರಶ್ನೆ ಹಾಕಿ. ಆಟಗಾರರು ಏನಾದರೂ ಮಾಡಿ ಇದನ್ನು ಕಂಡುಹಿಡಿಯಬಹುದಾ? ಕಂಡುಹಿಡಿದರೆ ಅವರು ಮುಂದೆ ಮಾಡುವುದು ಬದಲಾಗುತ್ತದಾ? ಎರಡಕ್ಕೂ ಹೌದು ಅಂತ ಬಂದರೆ ಇಟ್ಟುಕೊಳ್ಳಿ. ಸಾವಿರ ವರ್ಷದ ಹಿಂದೆ ಎರಡು ಅರಸು ಮನೆತನಗಳು ಯಾಕೆ ಜಗಳ ಆಡಿದವು ಎಂಬುದನ್ನು ನೀವು ಆರು ಪುಟ ಬರೆದಿರಬಹುದು. ಆದರೆ ಅದರಿಂದ ಇವತ್ತಿನ ಆಟದಲ್ಲಿ ಏನೂ ಆಗದಿದ್ದರೆ ಯಾರಾದರೂ ಕೇಳಿದಾಗ ಧಾರಾಳವಾಗಿ ಹೇಳಿಬಿಡಿ.

ಹಂತ 2: ಮೊದಲ ದಿನವೇ ಹೇಳಬೇಕಾದ್ದನ್ನು ಹೇಳಿ

ಆಟ ಶುರುವಾಗುವ ಮುಂಚೆ ಎಲ್ಲರೂ ಕೂತು ಮಾತಾಡುವ ಸೆಷನ್ ಝೀರೋ ಇರುತ್ತದಲ್ಲ, ಅಲ್ಲಿ ಯಾವ ಗುಟ್ಟೂ ಬೇಡ. ಆಟ ಎಂಥದ್ದು? ಭಯ ಹುಟ್ಟಿಸುವಂಥದ್ದಾ, ರಾಜಕೀಯದ್ದಾ, ಹೊಡೆದಾಟದ್ದಾ? ಪಾತ್ರಗಳು ಸಾಯಬಹುದಾ? ಮಕ್ಕಳ ಮೇಲೆ ಹಿಂಸೆ, ಚಿತ್ರಹಿಂಸೆ, ಹುಳಹುಪ್ಪಟೆ ಇವೆಲ್ಲ ಬರುತ್ತವಾ? ಯಾರಿಗೆ ಯಾವುದು ಬೇಡ? ‘ಲೈನ್ಸ್ ಅಂಡ್ ವೇಲ್ಸ್’ ಎಂಬ ಪದ್ಧತಿ ಇದಕ್ಕೇ ಇದೆ. ಲೈನ್ ಅಂದರೆ ಆಟದಲ್ಲಿ ಬರಲೇಕೂಡದ ಸಂಗತಿ. ವೇಲ್ ಅಂದರೆ ನಡೆಯಬಹುದು, ಆದರೆ ವಿವರಿಸದೆ ಪರದೆ ಎಳೆದುಬಿಡುವ ಸಂಗತಿ. ಆಟದ ನಡುವೆ ಯಾರಿಗಾದರೂ ಕಸಿವಿಸಿಯಾದರೆ ಮುಟ್ಟಿ ನಿಲ್ಲಿಸಲು ಎಕ್ಸ್ ಕಾರ್ಡ್ ಕೂಡ ಮೇಜಿನ ಮೇಲಿರಲಿ. ಯಾಕೆ ಅಂತ ಯಾರೂ ಕೇಳಬಾರದು.

ಕೆಲವು ಜಿಎಂಗಳು ‘ಇದು ಮಾಮೂಲಿ ಸಾಹಸದ ಕಥೆ’ ಎಂದು ಕರೆದು, ಮೂರನೇ ಸೆಷನ್ನಿಗೆ ಅದನ್ನು ಭಯಾನಕ ಕಥೆ ಮಾಡುತ್ತಾರೆ. ಅಚ್ಚರಿ ಆಗಲಿ ಎಂದು. ಇದು ಬೇಡ. ಕಾಲ್ ಆಫ್ ಕಥುಲು ಆಟವನ್ನು ನೋಡಿ. 1981ರಿಂದ ಜನ ಆಡುತ್ತಿದ್ದಾರೆ. ಕತ್ತಲಲ್ಲಿ ಏನೋ ಘೋರವಾದದ್ದು ಇದೆ, ತಮ್ಮ ಪಾತ್ರಕ್ಕೆ ಹುಚ್ಚು ಹಿಡಿಯಬಹುದು ಎಂದು ಮೇಜಿನಲ್ಲಿರುವ ಎಲ್ಲರಿಗೂ ಮೊದಲೇ ಗೊತ್ತು. ಆದರೂ ಭಯ ಆಗುತ್ತದೆ. ಗೊತ್ತಿಲ್ಲದ್ದು ಪಾತ್ರಗಳಿಗೆ, ಆಟಗಾರರಿಗಲ್ಲ. ಆಟಗಾರರಿಗೆ ಏನು, ಎಲ್ಲಿ, ಯಾರು ಎಂಬುದು ಮಾತ್ರ ತಿಳಿಯದಿದ್ದರೆ ಸಾಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ನಿಯಮ: ಪಾತ್ರಕ್ಕೆ ಗೊತ್ತಿರುವುದನ್ನು ಆಟಗಾರರಿಂದ ಮುಚ್ಚಿಡಬೇಡಿ. ಅವರಿಗೆ ಕಾಣುವುದು ನಿಮ್ಮ ಮಾತಿನಷ್ಟೇ. 60 ಅಡಿ ಆಳದ ಕಮರಿಯ ಅಂಚಿನಲ್ಲಿ ನಿಂತ ಪಾತ್ರಕ್ಕೆ ಅದರ ಆಳ ಕಣ್ಣಿಗೇ ಕಾಣುತ್ತದೆ. ಬಿದ್ದರೆ 10 ಅಡಿಗೆ ಒಂದರಂತೆ ಆರು ಡಿ6 (ಆರು ಮುಖದ ಡೈಸ್) ಪೆಟ್ಟು, ಸರಾಸರಿ 21. ಎರಡನೇ ಲೆವೆಲ್ಲಿನ ಪಾತ್ರ ಸಾಯುವ ಹಾದಿ ಅದು. ‘ಹಾರುತ್ತೇನೆ’ ಎಂದು ಆಟಗಾರ ಹೇಳಿದರೆ ಅವನ ತಲೆಯಲ್ಲಿ ಬೇರೆಯೇ ಚಿತ್ರ ಇರಬಹುದು. ಡೈಸ್ ಕೈಗೆ ಬರುವ ಮುಂಚೆಯೇ ‘ಇದು ಹತ್ತು ಆಳು ಆಳ, ಕೆಳಗೆ ಬಂಡೆ, ಗೊತ್ತಾಯ್ತಲ್ವಾ?’ ಎಂದು ಕೇಳಿಬಿಡಿ. ಅದೇ ಊರಲ್ಲಿ ಹುಟ್ಟಿ ಬೆಳೆದ ಪಾತ್ರಕ್ಕೆ ಊರಿನ ಗೌಡರು ಯಾರು, ಯಾರ ಮನೆಗೂ ಯಾರ ಮನೆಗೂ ಆಗಿಬರುವುದಿಲ್ಲ ಎಂಬುದನ್ನೂ ರೋಲ್ (ಡೈಸ್ ಉರುಳಿಸುವುದು) ಕೇಳದೆ ಹೇಳಿ.

ಹಂತ 3: ದೊಡ್ಡ ಗುಟ್ಟಿಗೆ ಮೂರು ಸುಳಿವು

ಎಲ್ಲಕ್ಕಿಂತ ಹೆಚ್ಚು ತಯಾರಿ ಬೇಡುವುದು ಈ ಹಂತ.

ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟ ಬರಹಗಾರರು ಒಂದು ನಿಯಮ ಹೇಳಿದ್ದಾರೆ, ಅದು ಜಿಎಂಗಳ ನಡುವೆ ಗಾದೆಯಂತೆ ಹಬ್ಬಿದೆ. ಆಟಗಾರರು ತಲುಪಲೇಬೇಕಾದ ಪ್ರತಿಯೊಂದು ತೀರ್ಮಾನಕ್ಕೂ ಕಡಿಮೆ ಎಂದರೆ ಮೂರು ಸುಳಿವು ಇಡಿ. ಮೊದಲನೆಯದನ್ನು ಅವರು ಗಮನಿಸುವುದಿಲ್ಲ. ಎರಡನೆಯದನ್ನು ತಪ್ಪು ತಿಳಿಯುತ್ತಾರೆ. ಮೂರನೆಯದು ಕೈ ಹಿಡಿಯುತ್ತದೆ. ನಿಮಗೆ ಉತ್ತರ ಗೊತ್ತಿರುವುದರಿಂದ ಒಂದೇ ಸುಳಿವು ಬೆಟ್ಟದಷ್ಟು ಕಾಣುತ್ತದೆ. ಮೇಜಿನ ಆ ಕಡೆ ಕೂತವರಿಗೆ ಅದು ನೂರು ಮಾತಿನಲ್ಲಿ ಒಂದು ಮಾತು ಅಷ್ಟೇ.

ಒಂದು ಕಥೆ ಇಟ್ಟುಕೊಂಡು ಮಾಡಿ ನೋಡೋಣ. ಬೆಟ್ಟದ ಬುಡದಲ್ಲಿ ಒಂದು ಊರು, ಅಲ್ಲೊಂದು ಉಪ್ಪಿನ ಗಣಿ. ಗಣಿಯ ಒಡತಿಯ ಜಾಗದಲ್ಲಿ ಈಗ ಒಂದು ಡಾಪಲ್‌ಗ್ಯಾಂಗರ್ ಕೂತಿದೆ. ಯಾರ ರೂಪ ಬೇಕಾದರೂ ತಾಳುವ, 60 ಅಡಿಯೊಳಗೆ ಇರುವವರ ಮನಸ್ಸಿನ ಮೇಲ್ಪದರದ ಯೋಚನೆ ಓದಬಲ್ಲ ಜೀವಿ. ನಿಜವಾದ ಒಡತಿ ಹಳೇ ಸುರಂಗವೊಂದರಲ್ಲಿ ಸೆರೆಯಲ್ಲಿದ್ದಾಳೆ. ಆಟಗಾರರು ತಲುಪಬೇಕಾದ ತೀರ್ಮಾನ: ಈ ಒಡತಿ ಆ ಒಡತಿಯಲ್ಲ.

ಸುಳಿವುಗಳು ಒಂದೇ ಜಾತಿಯವಾಗಬಾರದು. ಒಂದನ್ನು ಕಣ್ಣಿಗೆ ಇಡಿ: ಒಡತಿಯ ಹಳೇ ನಾಯಿ ಈಗ ಮನೆಯೊಳಗೆ ಕಾಲಿಡುವುದಿಲ್ಲ, ಗೇಟಿನ ಹತ್ತಿರ ಮಲಗಿ ಅವಳನ್ನು ಕಂಡಾಗಲೆಲ್ಲ ಗುರುಗುಟ್ಟುತ್ತದೆ. ಒಂದನ್ನು ಓದುವವರಿಗೆ ಇಡಿ: ಗಣಿಯ ಲೆಕ್ಕದ ಪುಸ್ತಕದಲ್ಲಿ ಹಳೇ ಪುಟಗಳ ಶಾಯಿ ಎಡಗೈ ಉಜ್ಜಿ ಮಸುಕಾಗಿದೆ, ಎರಡು ತಿಂಗಳಿಂದ ಈಚಿನ ಪುಟಗಳು ಶುಭ್ರ. ಒಂದನ್ನು ಮಾತಾಡಿಸುವವರಿಗೆ ಇಡಿ: ‘ಸಂಬಳ ಜಾಸ್ತಿ ಕೇಳೋಣ ಅಂತ ಹೋದೆ, ಬಾಯಿ ತೆರೆಯುವ ಮುಂಚೆಯೇ ಇಲ್ಲ ಅಂದುಬಿಟ್ಟರು ಅಮ್ಮಾವ್ರು’ ಎನ್ನುವ ಕೆಲಸದ ಹುಡುಗ. ಇನ್ನೊಂದು ಜಾಗಕ್ಕೆ ಅಂಟಿದ್ದು: ಲಾಭ ಕೊಡುತ್ತಿದ್ದ ಸುರಂಗವನ್ನು ಕಾರಣ ಹೇಳದೆ ಮುಚ್ಚಿಸಿದ್ದಾಳೆ. ಈಗ ನಿಮ್ಮ ಮೇಜಿನಲ್ಲಿರುವುದು ಕಳ್ಳನಾಗಲಿ, ಯೋಧನಾಗಲಿ, ಮಾಂತ್ರಿಕನಾಗಲಿ, ಯಾರಾದರೂ ಒಬ್ಬರ ಕೈಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಒಂದನ್ನು ಗಮನಿಸಿ. ಇದರಲ್ಲಿ ಯಾವುದಕ್ಕೂ ರೋಲ್ ಕೇಳಿಲ್ಲ. ಲೆಕ್ಕದ ಪುಸ್ತಕ ತೆರೆದವರಿಗೆ ಶಾಯಿ ಕಾಣಲಿ. ಗಮ್‌ಶೂ ಎಂಬ ಆಟದ ಪದ್ಧತಿಯನ್ನು ರಾಬಿನ್ ಲಾಸ್ ಕಟ್ಟಿದ್ದೇ ಈ ಯೋಚನೆಯ ಮೇಲೆ. ಅಲ್ಲಿ ಮುಖ್ಯ ಸುಳಿವಿಗೆ ಡೈಸ್ ಇಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಕೌಶಲ ಬಳಸಿದರೆ ಸಿಗುತ್ತದೆ. ಸುಳಿವು ಸಿಗುವುದಲ್ಲ, ಸಿಕ್ಕಿದ್ದನ್ನು ಜೋಡಿಸುವುದೇ ಮಜಾ. ನಿಮ್ಮ ಆಟದಲ್ಲಿ ರೋಲ್ ಬೇಕೇಬೇಕು ಎಂದಾದರೆ ಹೀಗೆ ಮಾಡಿ: ಶಾಯಿಯ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ, 15 ದಾಟಿದವರಿಗೆ ಅದು ಯಾವ ವಾರದಿಂದ ಬದಲಾಯಿತು ಎಂಬುದೂ ತಿಳಿಯುತ್ತದೆ.

ಸುಳಿವು ಯಾರ ಬಾಯಲ್ಲಿ, ಯಾವ ಕೋಣೆಯಲ್ಲಿ ಎಂದು ಗಟ್ಟಿಯಾಗಿ ಕಟ್ಟಿಹಾಕಬೇಡಿ. ಮೈಕ್ ಶೇ ಎಂಬ ಅನುಭವಿ ಜಿಎಂ ಕೊಡುವ ಸಲಹೆ ತುಂಬ ಉಪಯೋಗದ್ದು. ಪ್ರತಿ ಸೆಷನ್ನಿಗೆ ಮುಂಚೆ ಹತ್ತು ಗುಟ್ಟುಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ, ಎಲ್ಲಿ ಸಿಗುತ್ತದೆ ಎಂದು ಬರೆಯಬೇಡಿ. ಆಟಗಾರರು ಲೆಕ್ಕದ ಮನೆಗೆ ಹೋಗದೆ ಹೆಂಡದಂಗಡಿಗೆ ಹೋದರಾ? ಒಡತಿ ಎಡಚಿ ಎಂಬ ಸಂಗತಿ ಅಲ್ಲಿನ ಹಳೇ ಗುಮಾಸ್ತನ ಬಾಯಲ್ಲಿ ಬರಲಿ. ಹತ್ತರಲ್ಲಿ ಅರ್ಧ ಹೊರಬಂದರೂ ಆ ಸೆಷನ್ ತುಂಬಿಕೊಂಡಿರುತ್ತದೆ. ಉಳಿದವು ಮುಂದಿನ ವಾರಕ್ಕೆ.

ಕನ್ನಡದಲ್ಲಿ ಆಟ ನಡೆಸುವವರಿಗೆ ಒಂದು ಎಚ್ಚರಿಕೆ. ನಮ್ಮ ಕ್ರಿಯಾಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ಒಡತಿಯ ಬಗ್ಗೆ ಹೇಳುತ್ತ ಬಾಯಿ ತಪ್ಪಿ ‘ಎದ್ದು ಬಂತು’ ಎಂದರೆ ಮುಗಿಯಿತು, ಅದು ಮನುಷ್ಯಳಲ್ಲ ಎಂದು ಮೇಜಿಗೆಲ್ಲ ಗೊತ್ತಾಯಿತು. ಮುಸುಕು ಹಾಕಿದವರು ಬಂದಾಗ ‘ಬಂದನು’, ‘ಬಂದಳು’ ಎರಡೂ ಬೇಡ, ‘ಯಾರೋ ಬಂದರು’ ಸಾಕು. ಆಟಕ್ಕೆ ಮುಂಚೆ ಆ ಪಾತ್ರದ ಎರಡು ಮೂರು ವಾಕ್ಯ ಜೋರಾಗಿ ಹೇಳಿ ನೋಡಿಕೊಳ್ಳಿ.

ಹಂತ 4: ಅಂಕಿಗಳಲ್ಲಿ ಯಾವುದು ಪರದೆಯ ಹಿಂದೆ

ಇಲ್ಲಿ ನಾನು ಬಿಚ್ಚುಗೈ. ಕಷ್ಟದ ಅಂಕಿ, ಅಂದರೆ ಡಿಸಿ, ಸಾಮಾನ್ಯವಾಗಿ ಬಾಯಿಬಿಟ್ಟು ಹೇಳಿ. 10 ಸುಲಭ, 15 ಸಾಧಾರಣ, 20 ಕಷ್ಟ, 25 ತೀರಾ ಕಷ್ಟ. ಗೋಡೆ ಹತ್ತುವವಳಿಗೆ ಗೋಡೆ ಎಷ್ಟು ಜಾರುತ್ತದೆ ಎಂದು ಕಾಣುತ್ತದೆ. ‘15 ಬೇಕು’ ಎಂದು ಹೇಳಿ ರೋಲ್ ಮಾಡಿಸಿದರೆ ಡೈಸ್ ನಿಲ್ಲುವ ತನಕ ಎಲ್ಲರ ಕಣ್ಣೂ ಅದರ ಮೇಲೆಯೇ. ಹೇಳದಿದ್ದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಶತ್ರುವಿನ ಆರ್ಮರ್ ಕ್ಲಾಸ್ (ಎಸಿ, ಅಂದರೆ ಏಟು ತಾಗಲು ಬೀಳಬೇಕಾದ ಅಂಕಿ) ಮುಚ್ಚಿಟ್ಟೂ ಪ್ರಯೋಜನ ಕಡಿಮೆ. 14 ಬಿದ್ದರೆ ತಪ್ಪಿತು, 15 ಬಿದ್ದರೆ ತಾಗಿತು. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನ ಎಸಿ 15 ಎಂದು ಎರಡು ಸುತ್ತಿನಲ್ಲಿ ಮೇಜೇ ಲೆಕ್ಕ ಹಾಕುತ್ತದೆ. ಹಿಟ್ ಪಾಯಿಂಟ್ ಮಾತ್ರ ಮುಚ್ಚಿಡಿ, ಆದರೆ ಸ್ಥಿತಿ ಹೇಳಿ. 2008ರ 4ನೇ ಆವೃತ್ತಿಯಲ್ಲಿ ಅರ್ಧ ಹಿಟ್ ಪಾಯಿಂಟ್ ಹೋದವರನ್ನು ‘ಬ್ಲಡೀಡ್’ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಅದು ಒಳ್ಳೆಯ ಪದ್ಧತಿ, ಯಾವ ಆಟಕ್ಕೂ ಹೊಂದುತ್ತದೆ. ‘ಉಸಿರು ಕಟ್ಟುತ್ತಿದೆ, ಎಡಗಾಲು ಎಳೆಯುತ್ತಿದೆ’ ಎಂದರೆ ಓಡಬೇಕಾ, ಇನ್ನೊಂದು ಏಟು ಹಾಕಬೇಕಾ ಎಂದು ಅವರು ತೀರ್ಮಾನಿಸಬಹುದು.

ವಿಶೇಷ ಶಕ್ತಿಗಳ ಬಗ್ಗೆ ಸ್ವಲ್ಪ ಯೋಚಿಸಬೇಕು. ಟ್ರೋಲ್‌ಗೆ (ಒಂದು ಬಗೆಯ ದೈತ್ಯ) ಪ್ರತಿ ಸುತ್ತಿನಲ್ಲೂ 10 ಹಿಟ್ ಪಾಯಿಂಟ್ ವಾಪಸ್ ಬರುತ್ತದೆ, ಬೆಂಕಿ ಅಥವಾ ಆಸಿಡ್ ತಾಗಿದರೆ ಮಾತ್ರ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಬೇಕಿಲ್ಲ, ಆದರೆ ತೋರಿಸಬೇಕು: ಕತ್ತಿಯ ಗಾಯ ಕಣ್ಣೆದುರಿಗೇ ಕೂಡಿಕೊಳ್ಳುತ್ತದೆ, ಪಂಜು ಹಿಡಿದವನಿಂದ ಮಾತ್ರ ಅದು ಹಿಂದೆ ಸರಿಯುತ್ತದೆ. ಇನ್ನು ಹಳೇ ಆಟಗಾರರಿಗೆ ಇದು ಹೇಗೂ ಗೊತ್ತಿರುತ್ತದೆ. ‘ನಿನ್ನ ಪಾತ್ರಕ್ಕೆ ಹೇಗೆ ಗೊತ್ತು?’ ಎಂದು ಅವರ ಮೇಲೆ ಹರಿಹಾಯಬೇಡಿ. ಟ್ರೋಲ್ ಇರುವ ಲೋಕದಲ್ಲಿ ಅಜ್ಜಿಯರು ಟ್ರೋಲ್ ಕಥೆ ಹೇಳದೆ ಇರುತ್ತಾರಾ? ನಿಜಕ್ಕೂ ಗುಟ್ಟಾಗಿರಲೇಬೇಕು ಎಂದರೆ ನೀವೇ ಹೊಸ ಪ್ರಾಣಿ ಕಟ್ಟಿ.

ಹಂತ 5: ಯಾವ ಡೈಸ್ ನಿಮ್ಮ ಕೈಯಲ್ಲಿ

ಫಲ ಕಂಡ ಕೂಡಲೇ ಗುಟ್ಟು ಬಯಲಾಗುವ ರೋಲ್‌ಗಳು ಕೆಲವಿವೆ. ಕೋಣೆ ಹುಡುಕಿದಾಗ ಡಿ20ಯಲ್ಲಿ 2 ಬಿದ್ದರೆ, ‘ಏನೂ ಇಲ್ಲ’ ಎಂದು ನೀವು ಹೇಳಿದರೂ ಆಟಗಾರ ನಂಬುವುದಿಲ್ಲ. 2019ರಲ್ಲಿ ಬಂದ ಪಾತ್‌ಫೈಂಡರ್ ಎಂಬ ಆಟದ ಎರಡನೇ ಆವೃತ್ತಿ ಇದನ್ನು ನಿಯಮವಾಗಿಯೇ ಮಾಡಿದೆ. ಹುಡುಕುವುದು, ಎದುರಿನವರ ಮನಸ್ಸು ಅಳೆಯುವುದು, ತಿಳಿದದ್ದನ್ನು ನೆನಪಿಸಿಕೊಳ್ಳುವುದು, ಇವಕ್ಕೆ ‘ಸೀಕ್ರೆಟ್’ ಎಂಬ ಗುರುತು ಹಾಕಿ ಡೈಸನ್ನು ಜಿಎಂ ಕೈಗೆ ಕೊಡುತ್ತದೆ.

ನೀವು ಯಾವ ಆಟ ಆಡಿದರೂ ಹೀಗೆ ಮಾಡಬಹುದು. ಮೊದಲು ಎಲ್ಲರ ಪರ್ಸೆಪ್ಷನ್, ಇನ್‌ಸೈಟ್, ಸ್ಟೆಲ್ತ್ (ಗಮನಿಸುವ, ಮನಸ್ಸು ಅಳೆಯುವ, ಅಡಗುವ ಕೌಶಲ) ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಡೈಸ್ ಮರೆಮಾಡಲು ನಿಲ್ಲಿಸುವ ಸ್ಕ್ರೀನಿನ ಒಳಬದಿಗೆ ಅಂಟಿಸಿಕೊಳ್ಳಿ. ಡಿ ಅಂಡ್ ಡಿಯಲ್ಲಿ ಅರ್ಧ ಸಲ ಡೈಸೇ ಬೇಡ, 10ಕ್ಕೆ ಆ ಅಂಕಿ ಕೂಡಿಸಿದರೆ ಪ್ಯಾಸಿವ್ ಅಂಕಿ ಸಿಗುತ್ತದೆ. ಡಾಪಲ್‌ಗ್ಯಾಂಗರ್ ಸುಳ್ಳು ಹೇಳುವಾಗ ಅದರ ಡಿಸೆಪ್ಷನ್ +6 ಸೇರಿಸಿ ನೀವೊಬ್ಬರೇ ರೋಲ್ ಮಾಡಿ, ಪ್ಯಾಸಿವ್ ಇನ್‌ಸೈಟ್ ಜೊತೆ ಹೋಲಿಸಿ. ಯಾರೂ ಅನುಮಾನ ಪಡುವ ಮುಂಚೆಯೇ ಒಬ್ಬರಿಗೆ ಮಾತ್ರ ‘ಅವಳ ನಗು ಕಣ್ಣಿಗೆ ಏರಲಿಲ್ಲ’ ಎಂದು ಹೇಳಬಹುದು. ಆನ್‌ಲೈನ್ ಆಡುವವರಿಗೆ ಇದು ಇನ್ನೂ ಸುಲಭ. ರೋಲ್20, ಫೌಂಡ್ರಿ ಎರಡರಲ್ಲೂ ಜಿಎಂಗೆ ಮಾತ್ರ ಕಾಣುವಂತೆ ರೋಲ್ ಮಾಡಬಹುದು. ಸುಮ್ನೆ ಹೆದರಿಸಲು ಪರದೆಯ ಹಿಂದೆ ಡೈಸ್ ಆಡಿಸುವ ಹಳೇ ಉಪಾಯ ಸೆಷನ್ನಿಗೆ ಒಂದು ಸಲ ನಡೆಯುತ್ತದೆ, ಆಮೇಲೆ ಯಾರೂ ತಲೆ ಎತ್ತುವುದಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಗುಟ್ಟು: ಬಿದ್ದ ಅಂಕಿಯನ್ನು ಬದಲಿಸಿ ಹೇಳುವುದು. ಇದಕ್ಕೆ ಫಡ್ಜಿಂಗ್ ಅನ್ನುತ್ತಾರೆ. ಆಸೆ ಎಲ್ಲಿಂದ ಬರುತ್ತದೆ ಎಂದು ನೋಡಿ. ಒಂದನೇ ಲೆವೆಲ್ಲಿನ ಮಾಂತ್ರಿಕನಿಗೆ 7 ಹಿಟ್ ಪಾಯಿಂಟ್. ಗಾಬ್ಲಿನ್ ಬೀಸಿದ ಕತ್ತಿಗೆ 20 ಬಿತ್ತು, ಕ್ರಿಟಿಕಲ್. ಡೈಸ್ ಎರಡಾಗುತ್ತದೆ: 2ಡಿ6+2. ಎರಡರಲ್ಲೂ 6 ಬಂದರೆ 14. ಏಳು ಕಳೆದು ಇನ್ನೂ ಏಳು ಉಳಿಯಿತು, ಅದು ಅವನ ಪೂರ್ತಿ ಹಿಟ್ ಪಾಯಿಂಟಿಗೆ ಸಮ, ಹಾಗಾಗಿ ಡೆತ್ ಸೇವ್ (ಬದುಕುಳಿಯಲು ಹಾಕುವ ಡೈಸ್) ಕೂಡ ಇಲ್ಲ, ಅಲ್ಲೇ ಸಾವು. ಮೊದಲ ಸೆಷನ್, ಮೊದಲ ಹೊಡೆದಾಟ, ಹೊಸ ಆಟಗಾರ. ಯಾವ ಜಿಎಂಗೂ ಕೈ ಬರುವುದಿಲ್ಲ.

ಆದರೂ ಅಂಕಿ ಬದಲಿಸಬೇಡಿ ಎನ್ನುತ್ತೇನೆ. ಒಮ್ಮೆ ಆಟಗಾರರಿಗೆ ಗೊತ್ತಾದರೆ ಅವರು ಗೆದ್ದದ್ದನ್ನೂ ಅನುಮಾನಿಸುತ್ತಾರೆ. ಹಿಂದಿನ ವಾರದ ಗೆಲುವು ನನ್ನದಾ, ಜಿಎಂ ಕೊಟ್ಟದ್ದಾ? ಕಂಡುಹಿಡಿಯಲು ಆಗಲೇಬಾರದ ಗುಟ್ಟು ಇದೊಂದೇ, ಅದಕ್ಕೇ ಇದು ಕೆಟ್ಟದ್ದು. ಬದಲಿಗೆ ಡೈಸ್ ಬೀಳುವ ಮುಂಚೆ ಕೆಲಸ ಮಾಡಿ. ‘ಮೊದಲ ಎರಡು ಸೆಷನ್ನಿನಲ್ಲಿ ಯಾರೂ ನೇರ ಸಾಯುವುದಿಲ್ಲ’ ಎಂದು ಸೆಷನ್ ಝೀರೋದಲ್ಲೇ ನಿಯಮ ಮಾಡಿ. ಗಾಬ್ಲಿನ್‌ಗಳಿಗೆ ಕೊಲ್ಲುವುದಕ್ಕಿಂತ ಸೆರೆ ಹಿಡಿದು ಹಣ ಕೇಳುವ ಆಸೆ ಇರಲಿ. ನಾಯಕ ಬಿದ್ದ ಕೂಡಲೇ ಉಳಿದವರು ಓಡಲಿ. ಸಾವು ಬೇಡವಾದ ಕಡೆ ರೋಲೇ ಕೇಳಬೇಡಿ. ದೊಡ್ಡ ಹೊಡೆದಾಟಕ್ಕೆ ಬಂದಾಗ ಸ್ಕ್ರೀನ್ ಮಡಚಿ ಪಕ್ಕಕ್ಕಿಟ್ಟು ಎಲ್ಲರೆದುರು ರೋಲ್ ಮಾಡಿ ನೋಡಿ. ಮೇಜಿನ ಗಾಳಿಯೇ ಬದಲಾಗುತ್ತದೆ.

ಹಂತ 6: ನಿಮ್ಮ ಕೆಲಸದ ಗುಟ್ಟು

ಆಟಗಾರರು ಕೇಳಿದ ಅಂಗಡಿಯವನ ಹೆಸರು ನೀವು ಆ ಕ್ಷಣದಲ್ಲಿ ಹುಟ್ಟಿಸಿದ್ದು. ಇದನ್ನು ಹೇಳಬೇಕಿಲ್ಲ. ಹೇಳಿದರೆ ಆ ಅಂಗಡಿಯವನು ಅವರ ಕಣ್ಣಲ್ಲಿ ರಟ್ಟಿನ ಬೊಂಬೆ ಆಗಿಬಿಡುತ್ತಾನೆ. ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಆಯಿತು, ಮುಂದಿನ ಸಲ ಅವನು ಮೊದಲಿನಿಂದಲೂ ಇದ್ದವನೇ.

‘ಕ್ವಾಂಟಮ್ ಓಗರ್’ ಎಂಬ ಹೆಸರಿನ ಹಳೇ ಚರ್ಚೆ ಇಲ್ಲಿ ಬರುತ್ತದೆ. ಎರಡು ದಾರಿ, ಯಾವುದು ಹಿಡಿದರೂ ಅದೇ ಓಗರ್, ಅಂದರೆ ದೈತ್ಯ ರಾಕ್ಷಸ, ಎದುರಾಗುತ್ತದೆ. ಇದು ಸರಿಯಾ? ದಾರಿಗಳ ಬಗ್ಗೆ ಆಟಗಾರರಿಗೆ ಏನೂ ಗೊತ್ತಿರದೆ ಸುಮ್ನೆ ಎಡಕ್ಕೆ ತಿರುಗಿದ್ದರೆ ತಪ್ಪೇನಿಲ್ಲ. ಆದರೆ ಕುರಿ ಕಾಯುವವನಿಗೆ ದುಡ್ಡು ಕೊಟ್ಟು, ‘ಬಲದಾರಿಯಲ್ಲಿ ಓಗರ್ ಇದೆ’ ಎಂದು ತಿಳಿದುಕೊಂಡು ಎಡಕ್ಕೆ ಹೋದರೆ ಓಗರ್ ಅಲ್ಲೇ ಬಲಕ್ಕೇ ಇರಬೇಕು. ಅವರು ಶ್ರಮಪಟ್ಟು ಗಳಿಸಿದ ಗುಟ್ಟನ್ನು ನೀವು ಕಿತ್ತುಕೊಳ್ಳುವಂತಿಲ್ಲ.

ಆಟಗಾರರ ಊಹೆ ನಿಮ್ಮ ಯೋಚನೆಗಿಂತ ಚೆನ್ನಾಗಿದ್ದರೆ? ಇನ್ನೂ ಗಟ್ಟಿಯಾಗದ ಜಾಗಗಳಲ್ಲಿ ಧಾರಾಳವಾಗಿ ತೆಗೆದುಕೊಳ್ಳಿ. ಒಡತಿಯ ತಮ್ಮನೂ ಇದರಲ್ಲಿ ಸೇರಿರಬೇಕು ಎಂದು ಯಾರೋ ಅಂದರೆ, ಸೇರಿರಲಿ ಬಿಡಿ. ಆದರೆ ಸುಳಿವು ಕೊಟ್ಟಾದ ಮೇಲೆ ಅಪರಾಧಿಯನ್ನೇ ಬದಲಿಸಬೇಡಿ. ಆಗ ನಾಯಿ, ಶಾಯಿ, ಕೆಲಸದ ಹುಡುಗ ಎಲ್ಲವೂ ಸುಳ್ಳಾಗುತ್ತವೆ. ಬೇಗ ಕಂಡುಹಿಡಿದರೆ ಬೇಗ ಗೆಲ್ಲಲಿ.

ಹಂತ 7: ಒಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟು

ಒಬ್ಬ ಆಟಗಾರ್ತಿಯ ಪಾತ್ರ ಶತ್ರುವಿನ ಗೂಢಚಾರಿಣಿ ಎಂದಿಟ್ಟುಕೊಳ್ಳಿ. ‘ಈ ಆಟದಲ್ಲಿ ನಮ್ಮೊಳಗೇ ಮೋಸ ಇರಬಹುದು, ಒಪ್ಪಿಗೆಯಾ?’ ಎಂದು ಮೊದಲೇ ಎಲ್ಲರನ್ನೂ ಕೇಳಿರಬೇಕು. ಯಾರು ಎಂದು ಹೇಳಬೇಕಿಲ್ಲ. ಆಟದ ನಡುವೆ ಒಬ್ಬಳಿಗೆ ಮಾತ್ರ ವಾಟ್ಸಾಪ್ ಮೆಸೇಜ್ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಹಾಗಾಗಿ ಎಲ್ಲರಿಗೂ ಒಂದೊಂದು ಕಳಿಸಿ. ಒಬ್ಬನಿಗೆ ಕನಸು, ಒಬ್ಬಳಿಗೆ ಹಳೇ ನೆನಪು, ಅವಳಿಗೆ ಮಾತ್ರ ನಿಜವಾದ ಆದೇಶ. ಈ ಜಾತಿಯ ಗುಟ್ಟಿಗೆ ಗಡುವು ಇರಲಿ, ತಿಂಗಳುಗಟ್ಟಲೆ ಎಳೆದರೆ ಬಯಲಾದ ದಿನ ನೋವಾಗುವುದು ಪಾತ್ರಗಳಿಗಲ್ಲ, ಗೆಳೆಯರಿಗೆ.

ಹಂತ 8: ಬಿಚ್ಚಿಡುವ ಹೊತ್ತು

ಒಂದೇ ವಿಷಯವನ್ನು ಆಟಗಾರರು ಎರಡು ಸೆಷನ್ನಿನಿಂದ ಸುತ್ತುತ್ತಿದ್ದರೆ, ಯಾರೋ ಫೋನ್ ತೆಗೆದರೆ, ‘ಏನು ಮಾಡಬೇಕೋ ಗೊತ್ತಾಗುತ್ತಿಲ್ಲ’ ಎಂಬ ಮಾತು ಬಂದರೆ, ಗುಟ್ಟು ಹೊರಬರುವ ಹೊತ್ತು ಆಗಿದೆ. ಇನ್ನಷ್ಟು ಕಾಯಬೇಡಿ. ಆದರೆ ಖಳನಾಯಕ ನಿಂತು ಭಾಷಣ ಮಾಡುವುದು ಬೇಡ. ಏನಾದರೂ ನಡೆಯಲಿ. ನಾಯಿ ಹಗ್ಗ ಹರಿದುಕೊಂಡು ಮುಚ್ಚಿದ ಸುರಂಗದ ಬಾಯಿಗೆ ಓಡಿ ಅಲ್ಲಿ ಕೆರೆಯಲು ಶುರುಮಾಡಲಿ. ಹಿಂದೆ ಹೋಗುವುದಾ, ಬೇಡವಾ ಎಂಬುದು ಅವರ ಆಯ್ಕೆ.

ಪೂರ್ತಿ ಕಥೆ ಮುಗಿದ ಮೇಲೆ ಆಟಗಾರರು ಕೇಳುತ್ತಾರೆ, ‘ಆ ಕೆಂಪು ಬಾಗಿಲ ಹಿಂದೆ ಏನಿತ್ತು?’ ಆ ಊರಿಗೆ ಮತ್ತೆ ಹೋಗುವುದಿಲ್ಲ ಎಂದಾದರೆ ಹೇಳಿ, ಖುಷಿಪಡುತ್ತಾರೆ. ಹೋಗುವುದಿದ್ದರೆ ಬಾಗಿಲು ಮುಚ್ಚಿಯೇ ಇರಲಿ.

ಇನ್ನೊಂದು ಅಭ್ಯಾಸ ಈ ವಾರದಿಂದಲೇ ಶುರುಮಾಡಿ. ಸೆಷನ್ ಆರಂಭದಲ್ಲಿ ಹಿಂದಿನ ಕಥೆಯನ್ನು ನೀವು ಹೇಳಬೇಡಿ, ಅವರಿಂದ ಹೇಳಿಸಿ. ‘ನಿಮಗೆ ಈ ಒಡತಿಯ ಬಗ್ಗೆ ಏನೇನು ಗೊತ್ತು?’ ಎಂದು ಕೇಳಿ, ನೋಟ್‌ಬುಕ್ ತೆರೆದು ಕೂತುಕೊಳ್ಳಿ. ಅವರು ಹೇಳಿದ ಸುಳಿವಿಗೆಲ್ಲ ಗುರುತು ಹಾಕಿ. ನಾಯಿಯ ಮಾತು ಬಂತು, ಹುಡುಗನ ಮಾತು ಬಂತು, ಶಾಯಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ ಎಂದಾದರೆ ಅದು ಅವರ ಪಾಲಿಗೆ ಇನ್ನೂ ಸಿಕ್ಕಿಲ್ಲ. ಇವತ್ತಿನ ಹತ್ತು ಸಾಲಿನಲ್ಲಿ ಮೊದಲನೆಯದಾಗಿ ಅದನ್ನೇ ಮತ್ತೆ ಬರೆಯಿರಿ, ಬೇರೆ ರೂಪದಲ್ಲಿ.